ಸ್ಯಾಂಪಲ್ ಯಾವುದು ಹೇಳಿ, ಆಮೇಲೆ ರೇಟು ಹೇಳ್ತೇನೆ

ಓದುಗರ ಪ್ರಶ್ನೆ – ಉತ್ತರ

(ಲ್ಯಾಬ್ ಸೇವೆಗಳ ಮಾರಾಟದ ಕೆಲಸದ ಬಗ್ಗೆ ಬಂದ ಪತ್ರಗಳಿಗೆ ಈ ಸಲ ಉತ್ತರ ಬರೆದವರು ಕುಂಬಳೆ ಸಮೀಪದವರು. ಡಿಎನ್‌ಎ ಸೀಕ್ವೆನ್ಸಿಂಗ್ ಮಾಡಿಕೊಡುವ ಕಂಪೆನಿಯೊಂದರ ಪರವಾಗಿ ಕಣ್ಣೂರಿನಿಂದ ಮಣಿಪಾಲದವರೆಗೆ ಓಡಾಡುತ್ತಾರೆ.)

ಅಕ್ಕಾ, ನಾನು ಬಯೋಟೆಕ್ನಾಲಜಿಯಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಬೆಂಗಳೂರಿನ ಕಂಪೆನಿಯೊಂದು ‘ಟೆಕ್ನಿಕಲ್ ಸೇಲ್ಸ್’ ಕೆಲಸಕ್ಕೆ ಕರೆದಿದೆ. “ಇಷ್ಟು ಓದಿ, ಬ್ಯಾಗು ಹೆಗಲಿಗೆ ಹಾಕಿ ಮಾರ್ಲಿಕ್ಕೆ ಹೋಗುದಾ?” ಎಂದು ಅಪ್ಪ ಕೇಳುತ್ತಾರೆ. ಅಲ್ಲಿ ನಿಜವಾಗಿ ಏನು ಕೆಲಸ? ನನ್ನ ಇಂಗ್ಲಿಷ್ ಸಾಕಾಗುತ್ತದಾ?
– ಬದಿಯಡ್ಕದ ಓದುಗಿ

ಅಪ್ಪನಿಗೆ ಹೇಳು ತಂಗೀ, ಆ ಬ್ಯಾಗಿನಲ್ಲಿ ಮಾರುವ ಸಾಮಾನು ಏನೂ ಇರುವುದಿಲ್ಲ. ಲ್ಯಾಪ್‌ಟಾಪ್, ನೀರಿನ ಬಾಟಲಿ, ಮಳೆಗಾಲದಲ್ಲಿ ಒಂದು ಕೊಡೆ. ಮೈಕ್ರೋಸ್ಕೋಪ್ ಮಾರುವವರಾದರೆ ಪೆಟ್ಟಿಗೆ ಬಿಚ್ಚಿ ತೋರಿಸಬಹುದು. ನಮಗೆ ಅದೂ ಇಲ್ಲ. ಲ್ಯಾಬಿನವರು ಸ್ಯಾಂಪಲ್ ಕೊಡುತ್ತಾರೆ, ಕಂಪೆನಿ ಅದರ ಡಿಎನ್‌ಎ ಓದಿ ಫಲಿತಾಂಶ ಕಳಿಸುತ್ತದೆ. ಆರ್ಡರ್ ಕೊಡುವ ದಿನ ಅವರ ಕಣ್ಣೆದುರು ಇರುವುದು ಒಂದು ಕೊಟೇಶನ್ ಮತ್ತು ನಿನ್ನ ಮಾತು. ಹಾಗಾಗಿ ಮಾತು ಸರಿ ಇರಬೇಕು. ಜಾಸ್ತಿ ಇರಬೇಕಾಗಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಸಿಗಡಿ ಕೆರೆಯ ನೀರಿನಿಂದ ಬ್ಯಾಕ್ಟೀರಿಯಾ ಬೆಳೆಸಿದ ಹುಡುಗನೊಬ್ಬ ಫೋನ್ ಮಾಡುತ್ತಾನೆ. “ಮೇಡಂ, ಹೋಲ್ ಜೀನೋಮ್ ಸೀಕ್ವೆನ್ಸಿಂಗಿಗೆ ಎಷ್ಟಾಗುತ್ತದೆ?” ಇಷ್ಟು ಎಂದು ಹೇಳಿ ಫೋನ್ ಇಟ್ಟರೆ ನೀನು ಬರೀ ರೇಟ್ ಲಿಸ್ಟ್. ನಾನು ತಿರುಗಿ ಕೇಳುತ್ತೇನೆ: ನಿಮಗೆ ಏನು ಗೊತ್ತಾಗಬೇಕು? “ಇದು ಯಾವ ಬ್ಯಾಕ್ಟೀರಿಯಾ ಅಂತ.” ಅಷ್ಟೇ ಆದರೆ ಇಡೀ ಜೀನೋಮ್, ಅಂದರೆ ಅದರ ಡಿಎನ್‌ಎ ಪೂರ್ತಿ, ಓದಿಸುವುದು ಯಾಕೆ? 16ಎಸ್ ಆರ್‌ಆರ್‌ಎನ್‌ಎ ಎಂಬ ಒಂದು ಜೀನ್ ಓದಿದರೆ ಹೆಚ್ಚಿನ ಸಲ ಸಾಕು. ಅದರ ಉದ್ದ ಸುಮಾರು 1500 ಬೇಸ್ (ಬೇಸ್ ಎಂದರೆ ಡಿಎನ್‌ಎಯ ಒಂದು ಅಕ್ಷರ). ಒಂದೊಂದೇ ತುಂಡು ಓದುವ ಸ್ಯಾಂಗರ್ ವಿಧಾನದಲ್ಲಿ ಒಂದು ಸಲಕ್ಕೆ ಚೊಕ್ಕವಾಗಿ ಸಿಗುವುದು 700–800 ಬೇಸ್. ಆದ್ದರಿಂದ ಎರಡೂ ತುದಿಯಿಂದ ಓದಿಸಬೇಕು. ಆದರೂ ಖರ್ಚು ಇಡೀ ಜೀನೋಮಿನದ್ದರ ಒಂದು ಸಣ್ಣ ಪಾಲು ಮಾತ್ರ.

ಅಲ್ಲಿಗೂ ನಿಲ್ಲಿಸಬಾರದು. ಯಾವ ಗುಂಪಿನದ್ದಿರಬಹುದು ಎಂಬ ಅಂದಾಜು ಇದೆಯಾ ಎಂದು ಕೇಳಬೇಕು. ಬೇಸಿಲಸ್ ಸೀರಿಯಸ್ ಮತ್ತು ಬೇಸಿಲಸ್ ಥುರಿಂಜಿಯೆನ್ಸಿಸ್, ಇವೆರಡರ 16ಎಸ್ ಹೆಚ್ಚುಕಡಿಮೆ ಒಂದೇ. ಒಂದು ಊಟ ಕೆಡಿಸುವ ಬ್ಯಾಕ್ಟೀರಿಯಾ, ಇನ್ನೊಂದನ್ನು ಹುಳ ಕೊಲ್ಲಲು ಗಿಡಕ್ಕೆ ಸಿಂಪಡಿಸುತ್ತಾರೆ. ಆ ಒಂದೇ ಜೀನ್ ನಂಬಿ ಇವನ್ನು ಬೇರೆ ಮಾಡಲು ಆಗುವುದಿಲ್ಲ. ಹುಡುಗನ ಕೆಲಸ ಅಂಥ ಕಡೆ ಇದ್ದರೆ ಅವನು ಮೊದಲು ಕೇಳಿದ ಹೋಲ್ ಜೀನೋಮೇ ಸರಿ. ಆಗ ದೊಡ್ಡ ಆರ್ಡರ್ ಬಂತು, ಒಳ್ಳೆಯದೇ. ಬರದಿದ್ದರೆ ಸಣ್ಣದು ಬಂತು. ಆದರೆ ಮುಂದಿನ ಸಲ ಆ ಹುಡುಗ ಬೇರೆಯವರಿಗೆ ಫೋನ್ ಮಾಡುವ ಮೊದಲು ನಿನಗೆ ಮಾಡುತ್ತಾನೆ.

ಇನ್ನೊಬ್ಬರು ರೋಗ ಹಿಡಿದ ಒಂದು ಗಿಡ, ಚೆನ್ನಾಗಿರುವ ಒಂದು ಗಿಡ ಇಟ್ಟುಕೊಂಡು “ಇವೆರಡರ ಆರ್‌ಎನ್‌ಎ ಹೋಲಿಸಿ ಕೊಡಿ” ಎನ್ನುತ್ತಾರೆ. ಆರ್‌ಎನ್‌ಎ ನೋಡಿದರೆ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಗೊತ್ತಾಗುತ್ತದೆ. ಒಂದಕ್ಕೊಂದು ಹೋಲಿಸಿದರೆ ಕಂಡ ವ್ಯತ್ಯಾಸ ರೋಗದ್ದಾ, ಆ ಗಿಡದ್ದೇ ಸ್ವಭಾವವಾ ಎಂದು ಯಾರೂ ಹೇಳಲಾರರು. ಕಡಿಮೆ ಎಂದರೂ ಆ ಕಡೆ ಮೂರು, ಈ ಕಡೆ ಮೂರು ಬೇಕು. ಒಂದೊಂದಕ್ಕೂ ಎರಡು-ಮೂರು ಕೋಟಿ ರೀಡ್, ಅಂದರೆ ಓದಿದ ತುಂಡು, ಬೇಕು. ದುಡ್ಡು ಸಾಲುವುದಿಲ್ಲ ಎಂದರೆ “ಈ ವರ್ಷ ಮಾಡಿಸಬೇಡಿ, ಅಥವಾ ಕೆಲವೇ ಜೀನ್ ಆರಿಸಿ ಕ್ಯೂಪಿಸಿಆರ್ ಮಾಡಿ” ಎನ್ನಬೇಕು. ಆರಿಸಿದ ಜೀನನ್ನು ಮಾತ್ರ ಅಳೆಯುವ ಪರೀಕ್ಷೆ ಅದು. ಹೀಗೆ ಹೇಳಲಿಕ್ಕೆ ನಿನಗೆ ವಿಷಯ ಗೊತ್ತಿರಬೇಕಲ್ವಾ? ಎಂ.ಎಸ್ಸಿ. ಓದಿದವರನ್ನೇ ಕರೆಯುವುದು ಅದಕ್ಕೆ. ಅಪ್ಪನಿಗೆ ಇಷ್ಟು ಹೇಳಿದರೆ ಸಾಕು.

ಇಂಗ್ಲಿಷ್ ಬಗ್ಗೆ ಹೆದರಬೇಡ. ನಾನೂ ಕನ್ನಡ ಶಾಲೆಯಲ್ಲೇ ಕಲಿತವಳು. ಈಮೇಲ್ ಇಂಗ್ಲಿಷಿನಲ್ಲಿ ಬರೆಯಬೇಕು. ಅದು ನಾಲ್ಕು ಸಾಲು, ಚೊಕ್ಕ ಇದ್ದರೆ ಆಯಿತು. ಮಾತು ಬೇರೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಮಲಯಾಳ ಬರುತ್ತದೆ ಎಂದರೆ ಬಾಗಿಲು ಬೇಗ ತೆರೆಯುತ್ತದೆ. ಮಂಗಳೂರಿನ ಪಕ್ಕದ ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳಿಗೆ ಹೋದರೆ ಒಂದೇ ಕಾರಿಡಾರಿನಲ್ಲಿ ತುಳು, ಬ್ಯಾರಿ, ಮಲಯಾಳ, ಕನ್ನಡ ಎಲ್ಲಾ ಕೇಳುತ್ತದೆ. ನಮ್ಮ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಬೆಂಗಳೂರಿನಿಂದ ಬಂದವರು ಇಲ್ಲೇ ತಡವರಿಸುವುದು.

ಸಂದರ್ಶನದಲ್ಲಿ ಸಂಬಳ ಬಿಟ್ಟು ಬೇರೆ ಏನು ಕೇಳಬೇಕು? ‘ಟಾರ್ಗೆಟ್’ ಎಂದರೆ ಹೆದರಿಕೆಯಾಗುತ್ತದೆ.
– ಹೊಸೂರಿನ ಓದುಗರು

ಟಾರ್ಗೆಟ್ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಯಾವುದರ ಮೇಲೆ ಎಂದು ಕೇಳಿ. ಆರ್ಡರ್ ಬಂದ ದಿನ ಲೆಕ್ಕಕ್ಕೆ ಹಿಡಿಯುತ್ತಾರಾ, ಬಿಲ್ ಮಾಡಿದ ದಿನವಾ, ದುಡ್ಡು ಕೈಸೇರಿದ ದಿನವಾ? ನಿಮ್ಮ ಇನ್ಸೆಂಟಿವ್ ಇದರ ಮೇಲೆ ನಿಂತಿರುತ್ತದೆ. ಸರ್ಕಾರಿ ದುಡ್ಡಿನ ಪ್ರಾಜೆಕ್ಟಿನಲ್ಲಿ ಕೆಲಸ ಆಗಿ, ರಿಪೋರ್ಟ್ ಹೋಗಿ, ವಿದ್ಯಾರ್ಥಿ ಥೀಸಿಸ್ ಬರೆಯಲು ಕೂತರೂ ದುಡ್ಡು ಬಂದಿರುವುದಿಲ್ಲ. ಅವರ ತಪ್ಪಲ್ಲ. ಮೇಲಿನಿಂದ ಕಂತು ಬಿಡುಗಡೆ ಆಗಬೇಕು. ಅದೇ ಮಾರ್ಚ್ ಬಂತು ಎಂದರೆ ಉಲ್ಟಾ. ವರ್ಷವಿಡೀ ಫೋನ್ ಎತ್ತದ ಪ್ರೊಫೆಸರ್ ರಾತ್ರಿ ಫೋನ್ ಮಾಡಿ “31ರೊಳಗೆ ಬಿಲ್ ಬೇಕು” ಎನ್ನುತ್ತಾರೆ. ಮಾರ್ಚಿನಲ್ಲಿ ಮದುವೆ, ಗೃಹಪ್ರವೇಶ ಇಟ್ಟುಕೊಳ್ಳಬೇಡಿ ಎಂದು ನಾನು ಹೊಸಬರಿಗೆ ತಮಾಷೆಗೆ ಹೇಳುವುದಲ್ಲ.

ಎರಡನೆಯದು, ನಿಮ್ಮ ಏರಿಯಾ ಯಾವುದು ಎಂದು ಮ್ಯಾಪಿನಲ್ಲೇ ತೋರಿಸಲು ಹೇಳಿ. ನೀವು ಗಡಿಯ ಹೊಸೂರಿನವರು, ನಿಮಗೆ ಇದು ಬೇಗ ಅರ್ಥವಾಗುತ್ತದೆ. ಕಂಪೆನಿಯ ಲೆಕ್ಕದಲ್ಲಿ ಕಾಸರಗೋಡು ಕೇರಳದ ಮ್ಯಾನೇಜರಿಗೆ, ಮಂಗಳೂರು ಕರ್ನಾಟಕದ ಮ್ಯಾನೇಜರಿಗೆ. ಮಂಜೇಶ್ವರದಿಂದ ದೇರಳಕಟ್ಟೆಗೆ ಬಸ್ಸಿನಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ವಾಪಸು ಬರಬಹುದು. ಹಾಗಿದ್ದೂ ಒಂದು ಊರು ಕೊಚ್ಚಿಯವರದ್ದು, ಇನ್ನೊಂದು ಬೆಂಗಳೂರಿನವರದ್ದು! ನಾನು ಜಗಳ ಮಾಡಿಯೇ ಎರಡೂ ಕಡೆ ತೆಗೆದುಕೊಂಡದ್ದು. ಬಿಲ್ಲಿನಲ್ಲೂ ಗಡಿ ಬರುತ್ತದೆ. ಬೆಂಗಳೂರಿನಿಂದ ಕರ್ನಾಟಕದ್ದೇ ಆದ ಕೊಣಾಜೆಗೆ ಬಿಲ್ ಹಾಕಿದರೆ ಕೇಂದ್ರದ ಸಿಜಿಎಸ್‌ಟಿ ಶೇಕಡಾ 9, ರಾಜ್ಯದ ಎಸ್‌ಜಿಎಸ್‌ಟಿ ಶೇಕಡಾ 9. ಕೇರಳದ ಪೆರಿಯಕ್ಕೆ ಹಾಕಿದರೆ, ರಾಜ್ಯ ದಾಟಿದ್ದರಿಂದ, ಐಜಿಎಸ್‌ಟಿ ಶೇಕಡಾ 18. ಒಟ್ಟು ಒಂದೇ. ಆದರೆ ತಪ್ಪು ಕಾಲಮಿನಲ್ಲಿ ಬರೆದರೆ ಅಕೌಂಟ್ಸ್‌ನವರು ಬಿಲ್ ತಿರುಗಿಸಿ ಕಳಿಸುತ್ತಾರೆ, ದುಡ್ಡು ಇನ್ನಷ್ಟು ತಡ.

ಪೆಟ್ರೋಲ್ ಖರ್ಚು, ರಜೆ ಇವೆಲ್ಲ ನೀವೇ ಕೇಳುತ್ತೀರಿ. ಇನ್ನೊಂದನ್ನು ಮಾತ್ರ ಮರೆಯಬೇಡಿ: ರಿಪೋರ್ಟ್ ತಡವಾದರೆ ಗಿರಾಕಿಗೆ ಉತ್ತರ ಹೇಳುವವರು ಯಾರು? “ನೀವೇ” ಎಂದರೆ, ಲ್ಯಾಬಿನ ಒಳಗೆ ಯಾರಿಗೆ ಫೋನ್ ಮಾಡಬಹುದು ಎಂದು ಹೆಸರು ಕೇಳಿ. ಹೆಸರು ಹೇಳದ ಕಂಪೆನಿಗೆ ನಾನಾದರೆ ಸೇರುವುದಿಲ್ಲ.

ನಾನು ಪಿಎಚ್.ಡಿ. ಮಾಡುತ್ತಿದ್ದೇನೆ, ಅಡಿಕೆ ತಳಿಗಳ ಮೇಲೆ. ಮೂರು ಕಂಪೆನಿಯಿಂದ ಕೊಟೇಶನ್ ತರಿಸಿದರೆ ಮೂರೂ ಬೇರೆ ಬೇರೆ. ಅಗ್ಗದವರಿಗೆ ಕೊಟ್ಟೆ. “ನಿಮ್ಮ ಡಿಎನ್‌ಎ ಸಾಲದು” ಎಂದು ಹೇಳಿ ಕೆಲಸ ನಿಲ್ಲಿಸಿದರು. ನಮ್ಮ ಲ್ಯಾಬಿನಲ್ಲಿ ನೋಡಿದಾಗ ಬೇಕಾದಷ್ಟಿತ್ತು. ಮೋಸ ಅಲ್ವಾ?
– ಮಂಜೇಶ್ವರದ ಓದುಗರು

ನಾನು ಮಾರುವ ಕಡೆಯವಳು, ನನ್ನ ಮಾತನ್ನು ಸ್ವಲ್ಪ ಜರಡಿ ಹಿಡಿದೇ ಓದಿ. ಆದರೆ ಇದು ಮೋಸ ಆಗಿರಬೇಕೆಂದಿಲ್ಲ. ನಿಮ್ಮ ಲ್ಯಾಬಿನಲ್ಲಿ ನ್ಯಾನೋಡ್ರಾಪ್‌ನಲ್ಲಿ ನೋಡಿದ್ದಲ್ವಾ? ಅದು ಬೆಳಕು ಎಷ್ಟು ಹೀರಿತು ಎಂಬುದನ್ನು ಅಳೆಯುತ್ತದೆ. 260 ನ್ಯಾನೋಮೀಟರಿನಲ್ಲಿ ಡಿಎನ್‌ಎ ಹೀರುತ್ತದೆ, ಆರ್‌ಎನ್‌ಎಯೂ ಹೀರುತ್ತದೆ, ತುಂಡಾಗಿ ಬಿದ್ದ ಚೂರುಗಳೂ ಹೀರುತ್ತವೆ. ಎಲ್ಲಾ ಸೇರಿಸಿ ಒಂದು ಸಂಖ್ಯೆ ಬರುತ್ತದೆ. ಕಂಪೆನಿಯವರು ನೋಡುವುದು ಕ್ಯೂಬಿಟ್‌ನಲ್ಲಿ. ಅದರ ಬಣ್ಣ ಎರಡೆಳೆಯ ಡಿಎನ್‌ಎಗೆ ಮಾತ್ರ ಅಂಟಿ ಹೊಳೆಯುತ್ತದೆ. ಒಂದೇ ಟ್ಯೂಬು ಇಲ್ಲಿ 100 ತೋರಿಸಿ ಅಲ್ಲಿ 15 ತೋರಿಸುವುದು ನಮಗೆ ಹೊಸತಲ್ಲ. ನಮ್ಮ ಕೆಲಸದಲ್ಲಿ ಅತಿ ಹೆಚ್ಚು ಮನಸ್ತಾಪ ಆಗುವುದೇ ಇಲ್ಲಿ.

ಅಡಿಕೆಯಾದರೆ ಕಷ್ಟ ಇನ್ನೂ ಜಾಸ್ತಿ. ಹಸಿ ಅಡಿಕೆ ಸುಲಿದವರ ಕೈಗೆ ಹತ್ತುವ ಚೊಗರು ನಿಮಗೆ ಗೊತ್ತಿದೆ, ಸೋಪು ಹಾಕಿದರೂ ಹೋಗುವುದಿಲ್ಲ. ಆ ಜಾತಿಯ ಪಾಲಿಫಿನಾಲ್‌ಗಳು ಎಲೆಯಲ್ಲೂ ಇವೆ. ಎಲೆ ಅರೆದ ತಕ್ಷಣ ಗಾಳಿ ತಾಗಿ ಕಂದಾಗಿ ಡಿಎನ್‌ಎಗೆ ಅಂಟಿಕೊಳ್ಳುತ್ತವೆ. ಆಮೇಲೆ ಪಿಸಿಆರ್‌ಗೆ (ಡಿಎನ್‌ಎಯ ನಕಲು ಹೆಚ್ಚಿಸುವ ವಿಧಾನ) ಹಾಕುವ ಕಿಣ್ವ ಕೆಲಸವೇ ಮಾಡುವುದಿಲ್ಲ. ಆದ್ದರಿಂದ ಬಲಿತ ಸೋಗೆ ಬೇಡ. ಇನ್ನೂ ಬಿಚ್ಚದ ಸುಳಿಯ ಎಲೆ ತೆಗೆದುಕೊಳ್ಳಿ. ದ್ರವ ಸಾರಜನಕದಲ್ಲಿ ಅರೆಯಿರಿ. ಡಿಎನ್‌ಎ ತೆಗೆಯುವ ಸಿಟಿಎಬಿ ಬಫರಿಗೆ ಪಿವಿಪಿ ಪುಡಿ ಸೇರಿಸಿ, ಚೊಗರನ್ನು ಅದು ಹಿಡಿದುಕೊಳ್ಳುತ್ತದೆ. ಅಳೆದಾಗ ಶುದ್ಧತೆ ತೋರಿಸುವ 260/280 ಅನುಪಾತ 1.8ರ ಹತ್ತಿರ ಇದ್ದರೆ ಖುಷಿಪಡಬೇಡಿ, 260/230 ಕೂಡ ನೋಡಿ. ಅದು 2ರ ಆಸುಪಾಸು ಇರಬೇಕು. ಒಂದಕ್ಕಿಂತ ಕೆಳಗೆ ಇಳಿದಿದ್ದರೆ ಟ್ಯೂಬಿನಲ್ಲಿ ಬೇರೆ ಏನೋ ಉಳಿದಿದೆ. ತುಂಡುಗಳನ್ನು ಉದ್ದಕ್ಕೆ ತಕ್ಕ ಹಾಗೆ ಬೇರೆ ಮಾಡುವ ಜೆಲ್‌ನಲ್ಲಿ ಸ್ವಲ್ಪ ಡಿಎನ್‌ಎ ಓಡಿಸಿ ಆ ಫೋಟೋವನ್ನೂ ಸ್ಯಾಂಪಲ್ ಜೊತೆ ಕಳಿಸಿ. ಒಂದು ಗಟ್ಟಿ ಗೆರೆ ಬಂದರೆ ಸರಿ. ಮೇಲಿಂದ ಕೆಳಗೆ ಬಳಿದ ಹಾಗೆ ಬಂದರೆ ಡಿಎನ್‌ಎ ತುಂಡಾಗಿದೆ.

ಇನ್ನು ಕೊಟೇಶನ್. ಮೂರನ್ನೂ ಮೇಜಿನ ಮೇಲೆ ಇಟ್ಟು ಕೆಳಗಿನ ಮೊತ್ತ ಕೈಯಿಂದ ಮುಚ್ಚಿ. ಮೇಲಿನ ಸಾಲುಗಳನ್ನು ಓದಿ. ಒಬ್ಬರು ಎಷ್ಟು ಗಿಗಾಬೇಸ್ (ನೂರು ಕೋಟಿ ಬೇಸಿಗೆ ಒಂದು) ಡೇಟಾ ಕೊಡುತ್ತೇವೆ ಎಂದು ಬರೆದಿರುತ್ತಾರೆ, ಇನ್ನೊಬ್ಬರು ಬರೆದೇ ಇರುವುದಿಲ್ಲ. ಸ್ಯಾಂಪಲ್ ಪರೀಕ್ಷೆಯಲ್ಲಿ ಫೇಲಾದರೆ ಆ ಪರೀಕ್ಷೆಯ ಖರ್ಚು ಯಾರದ್ದು? ಲೈಬ್ರರಿ, ಅಂದರೆ ಯಂತ್ರದಲ್ಲಿ ಓದಲು ತಯಾರು ಮಾಡಿದ ಡಿಎನ್‌ಎ, ಸರಿ ಬಾರದಿದ್ದರೆ ಮತ್ತೊಮ್ಮೆ ಪುಕ್ಕಟೆ ಮಾಡುತ್ತಾರಾ? ಬರೀ ಕಚ್ಚಾ ಡೇಟಾದ ಫಾಸ್ಟ್‌ಕ್ಯೂ ಫೈಲ್ ಕೊಡುತ್ತಾರಾ, ವಿಶ್ಲೇಷಣೆಯೂ ಸೇರಿದೆಯಾ? ಎಷ್ಟು ಶೇಕಡಾ ಬೇಸ್ ಕ್ಯೂ30ಕ್ಕಿಂತ ಮೇಲೆ ಇರುತ್ತದೆ ಎಂದು ಒಪ್ಪಿಕೊಂಡಿದ್ದಾರಾ? ಕ್ಯೂ30 ಎಂದರೆ ಸಾವಿರ ಬೇಸಿಗೆ ಒಂದು ತಪ್ಪು ಎಂಬ ಲೆಕ್ಕ. ಮಿಕ್ಕಿ ಉಳಿದ ಡಿಎನ್‌ಎಯನ್ನು ವಾಪಸು ಕೊಡುತ್ತಾರಾ ಎಂದೂ ಕೇಳಿ. ಅಪರೂಪದ ತಳಿಯದ್ದಾದರೆ ಅದು ಮುಖ್ಯ. ಅಗ್ಗದ ಕೊಟೇಶನಿನಲ್ಲಿ ಇವುಗಳಲ್ಲಿ ಎರಡು-ಮೂರು ಕಾಣೆಯಾಗಿರುತ್ತವೆ. ಯಾವಾಗಲೂ ಅಲ್ಲ. ಕೆಲವು ಸಲ ನಿಜವಾಗಿಯೂ ಅವರದ್ದೇ ಒಳ್ಳೆಯ ರೇಟು. ಆಗ ನಾನು ಸುಮ್ನೆ ಸೋಲುತ್ತೇನೆ.

ಈಗ ನೀವು ಮಾಡಬೇಕಾದ್ದು: ಅವರ ಕ್ಯೂಬಿಟ್ ರೀಡಿಂಗ್ ಮತ್ತು ಜೆಲ್ ಫೋಟೋ ಕೇಳಿ ತರಿಸಿ. ಕೊಡಲೇಬೇಕು. ಕೊಡಲು ಹಿಂದೆಮುಂದೆ ನೋಡಿದರೆ ಮಾತ್ರ ಸಂಶಯಪಡಿ.

ನನ್ನ ಅಡಿಕೆ ತೋಟದಲ್ಲಿ ಸೋಗೆ ಹಳದಿಯಾಗುತ್ತಿದೆ. ನಿಮ್ಮಂಥ ಕಂಪೆನಿಗೆ ಎಲೆ ಕಳಿಸಿ ಡಿಎನ್‌ಎ ಟೆಸ್ಟ್ ಮಾಡಿಸಿದರೆ ರೋಗ ಯಾವುದೆಂದು ಗೊತ್ತಾಗುತ್ತದಂತೆ, ಹೌದಾ? ಎಷ್ಟು ಖರ್ಚು?
– ಪೆರ್ಲದ ಕೃಷಿಕರು

ಅಣ್ಣಾ, ನಮಗೆ ಕಳಿಸಬೇಡಿ. ವಿಟ್ಲದಲ್ಲಿ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರ ಇದೆ, ನಿಮಗೆ ಕಾಸರಗೋಡಿಗಿಂತ ಅದೇ ಹತ್ತಿರ. ಕಾಸರಗೋಡಿನದ್ದು 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು, 1970ರಲ್ಲಿ ಸಿಪಿಸಿಆರ್‌ಐ ಆಯಿತು. ಹಳದಿ ಎಲೆ ರೋಗವನ್ನು ಎಷ್ಟೋ ವರ್ಷಗಳಿಂದ ನೋಡಿದವರು ಅವರು. ನಮ್ಮ ಕಂಪೆನಿಯವರು ಟ್ಯೂಬಿನೊಳಗೆ ಬಂದದ್ದನ್ನು ಓದುತ್ತಾರೆ, ಮರ ನೋಡಿದವರಲ್ಲ.

ಹಳದಿ ಎಲೆ ರೋಗಕ್ಕೆ ಕಾರಣ ಫೈಟೋಪ್ಲಾಸ್ಮಾ ಎಂಬ, ಬ್ಯಾಕ್ಟೀರಿಯಾ ಜಾತಿಯ ಸೂಕ್ಷ್ಮಜೀವಿ. ಅದನ್ನು ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿ ತೋರಿಸುವುದು ಆಗದ ಮಾತು. ಹಾಗಾಗಿ ಡಿಎನ್‌ಎ ಮೂಲಕವೇ ಹುಡುಕುವುದು ನಿಜ. ಆದರೆ ಮರದಲ್ಲಿ ಅದು ಇರುವುದು ಬಹಳ ಕಡಿಮೆ, ಅದೂ ಎಲ್ಲಾ ಭಾಗದಲ್ಲಿ ಒಂದೇ ಸಮ ಇರುವುದಿಲ್ಲ. ಒಂದರ ಮೇಲೊಂದು ಎರಡು ಸಲ ಪಿಸಿಆರ್ ಮಾಡಿದರೂ ತಪ್ಪಿಸಿಕೊಳ್ಳಬಹುದು. “ಇಲ್ಲ” ಎಂದು ರಿಪೋರ್ಟ್ ಬಂದರೆ ರೋಗ ಇಲ್ಲ ಎಂದು ಅರ್ಥವಲ್ಲ. ದುಡ್ಡು ಕೊಟ್ಟು ಅಂಥ ಉತ್ತರ ತರಿಸಿ ಏನು ಮಾಡುತ್ತೀರಿ?

ಮೊದಲು ನೀವೇ ನೋಡಿ. ಹೊರಗಿನ ಎರಡು-ಮೂರು ಸೋಗೆಯ ಎಲೆಗಳು ತುದಿಯಿಂದ ಹಳದಿಯಾಗುತ್ತಾ ಬಂದು, ನಡುವಿನ ದಿಂಡಿನ ಪಕ್ಕ ಹಸಿರು ಉಳಿದಿದೆಯಾ? ಅಡಿಕೆ ಒಡೆದರೆ ತಿರುಳು ಕಪ್ಪಾಗಿ ಮೆತ್ತಗಿದೆಯಾ? ಹಾಗಿದ್ದರೆ ಬೇಗ ವಿಟ್ಲಕ್ಕೆ ಹೋಗಿ. ಚುಕ್ಕೆ ಚುಕ್ಕೆಯಾಗಿ ಒಣಗಿದ್ದರೆ ಅದು ಎಲೆಚುಕ್ಕಿ ಇರಬಹುದು, ಶಿಲೀಂಧ್ರದ್ದು, ಬೇರೆಯೇ ಕತೆ. ಮಳೆಗಾಲದಲ್ಲಿ ಬಸಿಗಾಲುವೆ ಮುಚ್ಚಿ ನೀರು ನಿಂತರೂ ಹಳದಿ ಬರುತ್ತದೆ. ಪೊಟ್ಯಾಷ್, ಮೆಗ್ನೀಷಿಯಂ ಕಡಿಮೆಯಾದರೂ ಬರುತ್ತದೆ. ಮಣ್ಣು ಪರೀಕ್ಷೆಗೆ ಆಗುವ ಖರ್ಚು ನಮ್ಮ ಟೆಸ್ಟಿನ ಮುಂದೆ ಏನೂ ಅಲ್ಲ. ಅದನ್ನು ಮೊದಲು ಮಾಡಿಸಿ.

ಹೆಣ್ಣುಮಕ್ಕಳು ಊರೂರು ಸುತ್ತಿ ಈ ಕೆಲಸ ಮಾಡಬಹುದೇ? ಮನೆಯಲ್ಲಿ ಬೇಡ ಅಂತಾರ.
– ಅಕ್ಕಲಕೋಟೆಯ ಓದುಗಿ

ಮಾಡಬಹುದು. ಲ್ಯಾಬುಗಳು ಹಗಲು ಹೊತ್ತಿನವು, ಹೆಚ್ಚಿನ ಗಿರಾಕಿಗಳು ಕಾಲೇಜು, ಆಸ್ಪತ್ರೆ, ಸಂಶೋಧನಾ ಕೇಂದ್ರದವರು. ಈಗ ಅರ್ಧ ಕೆಲಸ ವಿಡಿಯೋ ಕರೆಯಲ್ಲೇ ಮುಗಿಯುತ್ತದೆ. ರಾತ್ರಿ ಉಳಿಯಬೇಕಾದ ಊರಿನಲ್ಲಿ ಕಂಪೆನಿಯೇ ಒಳ್ಳೆಯ ಲಾಡ್ಜ್ ಬುಕ್ ಮಾಡಬೇಕು ಎಂದು ಸೇರುವಾಗಲೇ ಬರೆಸಿಕೊಳ್ಳಿ. ಸುತ್ತಾಟ ಬೇಡವೇ ಬೇಡ ಎಂದರೆ ‘ಅಪ್ಲಿಕೇಶನ್ ಸೈಂಟಿಸ್ಟ್’ ಎಂಬ ಕೆಲಸ ನೋಡಿ. ಗಿರಾಕಿಯ ತಾಂತ್ರಿಕ ಪ್ರಶ್ನೆಗೆ ಕೂತಲ್ಲಿಂದ ಉತ್ತರ ಹೇಳುವವರು ಅವರು. ನನ್ನಂಥವರು ಸಿಕ್ಕಿಬಿದ್ದಾಗ ಫೋನ್ ಮಾಡುವುದೂ ಅವರಿಗೇ.

ನಮ್ಮ ಲ್ಯಾಬಿನಿಂದ ಬೆಂಗಳೂರಿಗೆ ಆರ್‌ಎನ್‌ಎ ಕಳಿಸಿದರೆ ಮುಟ್ಟುವಷ್ಟರಲ್ಲಿ ಹಾಳಾಗಿರುತ್ತದೆ. ಡ್ರೈ ಐಸ್ ತುಂಬಿಯೇ ಕಳಿಸುತ್ತೇವೆ. ಏನು ಮಾಡೋಣ?
– ಕಾಸರಗೋಡಿನ ಲ್ಯಾಬ್ ಸಹಾಯಕರು

ಯಾವ ವಾರ ಕಳಿಸುತ್ತೀರಿ? ಶುಕ್ರವಾರ ಕಳಿಸಿದರೆ ಅದು ಶನಿವಾರ-ಭಾನುವಾರ ಯಾವುದೋ ಗೋಡೌನಿನಲ್ಲಿ ಕೂರುತ್ತದೆ. ಡ್ರೈ ಐಸ್ ಎಂದರೆ ಮೈನಸ್ 78 ಡಿಗ್ರಿಯ ಗಟ್ಟಿ ಇಂಗಾಲದ ಡೈಆಕ್ಸೈಡ್. ಕರಗಿ ನೀರಾಗುವುದಿಲ್ಲ, ನೇರ ಗಾಳಿಗೆ ಹೋಗುತ್ತದೆ. ಸಾಧಾರಣ ಥರ್ಮಾಕೋಲ್ ಡಬ್ಬದಿಂದ ದಿನಕ್ಕೆ ಎರಡರಿಂದ ನಾಲ್ಕು ಕಿಲೋ ಹೋಗುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳಿ. ದಾರಿ ಎರಡು ದಿನದ್ದಾದರೆ ಮೂರು ದಿನಕ್ಕಾಗುವಷ್ಟು ಹಾಕಿ. ಖಾಲಿ ಜಾಗ ಬಿಡಬೇಡಿ, ಪೇಪರ್ ತುರುಕಿ. ಆದರೆ ಟೇಪ್ ಸುತ್ತಿ ಗಾಳಿಯಾಡದ ಹಾಗೆ ಮುಚ್ಚಬೇಡಿ, ಗ್ಯಾಸ್ ತುಂಬಿ ಡಬ್ಬ ಸಿಡಿಯಬಹುದು.

ನಮ್ಮ ಕಡೆ ಇನ್ನೊಂದು ತೊಂದರೆ ಇದೆ, ಬೆಂಗಳೂರಿನವರಿಗೆ ಅದು ತಲೆಗೆ ಹೋಗುವುದಿಲ್ಲ. ಓಣಂಗೆ ಇಲ್ಲಿ ರಜೆ, ಅಲ್ಲಿ ಇಲ್ಲ. ರಾಜ್ಯೋತ್ಸವಕ್ಕೆ ಅಲ್ಲಿ ರಜೆ, ಇಲ್ಲಿ ಇಲ್ಲ. ನಡುವೆ ಹರತಾಳ ಬಂದರೆ ಕೊರಿಯರ್ ಗಾಡಿಯೇ ಹೊರಡುವುದಿಲ್ಲ. 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಅಂತೂ ರೋಗಿಗಳಿಗೇ ಮಂಗಳೂರಿಗೆ ದಾರಿ ಇರಲಿಲ್ಲ, ಸ್ಯಾಂಪಲ್ ಮಾತು ಬಿಡಿ. ಎರಡೂ ರಾಜ್ಯದ ಕ್ಯಾಲೆಂಡರ್ ಗೋಡೆಗೆ ತೂಗುಹಾಕಿ, ಸೋಮವಾರ ಅಥವಾ ಮಂಗಳವಾರ ಮಾತ್ರ ಕಳಿಸಿ.

ಆಗುವುದಿದ್ದರೆ ಆರ್‌ಎನ್‌ಎ ತೆಗೆಯುವ ಕೆಲಸವನ್ನೇ ನಮಗೆ ಬಿಡಿ. ಕೊಯ್ದ ತಕ್ಷಣ ತುಂಡನ್ನು ಆರ್‌ಎನ್‌ಎ ಕಾಯುವ ದ್ರಾವಣದಲ್ಲಿ ಮುಳುಗಿಸಿಟ್ಟರೆ ಕೆಲವು ದಿನ ಮಾಮೂಲಿ ಐಸ್ ಪ್ಯಾಕಿನಲ್ಲಿಯೂ ತಡೆಯುತ್ತದೆ. ತುಂಡು ಅರ್ಧ ಸೆಂಟಿಮೀಟರಿಗಿಂತ ದಪ್ಪ ಇರಬಾರದು, ದ್ರಾವಣ ಒಳಗೆ ಇಳಿಯುವುದಿಲ್ಲ. ಮೇಣ ಇರುವ ಎಲೆಯಾದರೆ ಇನ್ನೂ ಸಣ್ಣಕ್ಕೆ ಕತ್ತರಿಸಿ. ಟ್ಯೂಬಿನ ಮೇಲೆ ಮಾರ್ಕರಿನಲ್ಲಿ ಬರೆದದ್ದು ಐಸಿನಲ್ಲಿ ಅಳಿಸಿಹೋಗುತ್ತದೆ, ಆದ್ದರಿಂದ ಮುಚ್ಚಳಕ್ಕೂ ಬದಿಗೂ ನಂಬರ್ ಹಾಕಿ, ಅದೇ ನಂಬರಿನ ಪಟ್ಟಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಡಬ್ಬದೊಳಗೆ ಇಡಿ. ಕಳಿಸಿದ ದಿನವೇ ಕೊರಿಯರ್ ರಸೀದಿಯ ಫೋಟೋವನ್ನು ನಿಮ್ಮ ಕಂಪೆನಿಯ ಸೇಲ್ಸ್‌ನವರಿಗೆ ವಾಟ್ಸಾಪ್ ಮಾಡಿ. ಡಬ್ಬ ಎಲ್ಲಿ ನಿಂತಿದೆ ಎಂದು ಬೆನ್ನು ಹತ್ತುವುದು ಅವರ ಕೆಲಸ.